ಹೆಪಟೈಟಿಸ್ ಬಿ ವೈರಾಣುವಿನ ತಳಿವೈವಿಧ್ಯ ಮತ್ತು ಭೌಗೋಳಿಕ ಹಂಚಿಕೆ: ಇತಿಹಾಸದ ಆಕರವಾಗಿ ಒಂದು ಪರಿಶೀಲನೆ

ಪೀಠಿಕೆ

ಶಾಸನ, ನಾಣ್ಯ, ಕಡತ ಮತ್ತು ಉತ್ಖನನದ ಅವಶೇಷಗಳು ಇತಿಹಾಸ ರಚನೆಯ ಮುಖ್ಯ ಆಕರಗಳೆಂಬುದು ಎಲ್ಲರೂ ಒಪ್ಪಿದ ಸಂಗತಿ. ಇತ್ತೀಚಿನ ದಶಕಗಳಲ್ಲಿ ಇವುಗಳ ಸಾಲಿಗೆ ಮತ್ತೊಂದು ಆಕರ ಸೇರಿದೆ. ಮನುಷ್ಯನ ದೇಹದಲ್ಲಿ ನೆಲೆಸಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ರೋಗಾಣುಗಳ ಅನುವಂಶೀಯ ರಚನೆಯೇ ಆ ಆಕರ. ಅಂತಹ ರೋಗಾಣುಗಳಲ್ಲಿ ಹೆಪಟೈಟಿಸ್ ಬಿ ವೈರಾಣು ಪ್ರಮುಖವಾದುದು. ಯಕೃತ್ತನ್ನು ಆಶ್ರಯಿಸುವ ಈ ವೈರಾಣುವಿನಲ್ಲಿ ಹತ್ತು ತಳಿಗಳನ್ನು ಗುರುತಿಸಲಾಗಿದ್ದು, ಬಹುಪಾಲು ತಳಿಗಳು ಭೂಮಿಯ ನಿರ್ದಿಷ್ಟ ಭಾಗಗಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಈ ಕಾರಣದಿಂದ ವಲಸೆ, ವ್ಯಾಪಾರ, ಗುಲಾಮರ ಸಾಗಣೆ ಮತ್ತು ವೈದ್ಯಪದ್ಧತಿಗಳ ಇತಿಹಾಸಕ್ಕೆ ಇದನ್ನು ಸಾಕ್ಷ್ಯವಾಗಿ ಬಳಸುವ ಪ್ರಯತ್ನಗಳು ನಡೆದಿವೆ. ಈ ಸಾಕ್ಷ್ಯವನ್ನು ಹೇಗೆ ಓದಬೇಕು, ಅದರ ಮಿತಿಗಳೇನು ಎಂಬುದನ್ನು ಕರ್ನಾಟಕದ, ಅದರಲ್ಲೂ ದಾವಣಗೆರೆ ಮತ್ತು ಹರಿಹರ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚರ್ಚೆಯ ಅನುಕೂಲಕ್ಕಾಗಿ ಇದೇ ಸೀಮೆಯ ಒಂದು ನಿದರ್ಶನವನ್ನು ಮೊದಲಿಗೆ ಗಮನಿಸಬಹುದು. ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಚಿತ್ರದುರ್ಗದ ಪಕ್ಕದಲ್ಲಿರುವ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿಯೂ ಮಾರ್ಟಿಮರ್ ವ್ಹೀಲರ್ 1947ರಲ್ಲಿಯೂ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನ ಕಾಲದ ಅವಶೇಷಗಳ ಜೊತೆಗೆ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ದೊರೆತಿವೆ. ಇದರಿಂದ ರೋಮನ್ನರು ಚಂದ್ರವಳ್ಳಿಯಲ್ಲಿ ನೆಲೆಸಿದ್ದರೆಂದು ಯಾವ ಇತಿಹಾಸಕಾರರೂ ತೀರ್ಮಾನಿಸುವುದಿಲ್ಲ. ನಾಣ್ಯ ದೊರೆತ ನೆಲೆ ಬೇರೆ, ಅದು ಟಂಕಿತವಾದ ನೆಲೆ ಬೇರೆ, ಅದು ಹಾದುಬಂದ ಕೈಗಳು ಬೇರೆ. ವೈರಾಣುವಿನ ತಳಿಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯವೆಂಬುದು ಈ ಲೇಖನದ ಮುಖ್ಯ ನಿಲುವು.

ಆವಿಷ್ಕಾರ ಮತ್ತು ನಾಮಕರಣ

ಈ ವೈರಾಣುವಿನ ಶೋಧವೇ ಭೌಗೋಳಿಕ ಹೆಸರುಗಳ ಅಪಾಯವನ್ನು ತೋರಿಸುವ ಪ್ರಸಂಗವಾಗಿದೆ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರು ಹುಡುಕುತ್ತಿದ್ದುದು ವೈರಾಣುವನ್ನಲ್ಲ. ಬೇರೆ ಬೇರೆ ಜನಸಮುದಾಯಗಳ ರಕ್ತಸಾರದಲ್ಲಿರುವ ಅನುವಂಶೀಯ ವ್ಯತ್ಯಾಸಗಳನ್ನು ತಿಳಿಯಲು ಅವರು ಹಲವು ದೇಶಗಳ ಮಾದರಿಗಳನ್ನು ಸಂಗ್ರಹಿಸಿದ್ದರು. ಅನೇಕ ಬಾರಿ ಪರರ ರಕ್ತ ಪಡೆದವರ ದೇಹದಲ್ಲಿ ಅಪರಿಚಿತ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆಂಬುದು ಅವರ ತರ್ಕವಾಗಿತ್ತು. 1963ರಲ್ಲಿ ಹಾರ್ವೆ ಆಲ್ಟರ್ ಅವರೊಡನೆ ನಡೆಸಿದ ಪರೀಕ್ಷೆಯಲ್ಲಿ, ಹಿಮೋಫಿಲಿಯಾ ರೋಗಿಯೊಬ್ಬರ ರಕ್ತಸಾರವು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತಸಾರದೊಡನೆ ಪ್ರತಿಕ್ರಿಯಿಸಿತು. ಹೀಗೆ ಪತ್ತೆಯಾದ ವಸ್ತುವಿಗೆ ‘ಆಸ್ಟ್ರೇಲಿಯಾ ಪ್ರತಿಜನಕ’ ಎಂಬ ಹೆಸರು ಬಂದಿತು. ಇದರ ವರದಿ ಪ್ರಕಟವಾದುದು 1965ರಲ್ಲಿ. ದಾವಣಗೆರೆಯಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದುದೂ ಅದೇ ವರ್ಷ.

ಈ ಪ್ರತಿಜನಕಕ್ಕೂ ಯಕೃತ್ತಿನ ಉರಿಯೂತಕ್ಕೂ ಇರುವ ಸಂಬಂಧ 1967ರ ವೇಳೆಗೆ ಸ್ಪಷ್ಟವಾಯಿತು. 1970ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೂರ್ಣ ವೈರಾಣುವನ್ನು ಕಂಡರು. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರು 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದುದು ಕರ್ನಾಟಕದ ಮಟ್ಟಿಗೆ ಸ್ಮರಣೀಯ.

‘ಆಸ್ಟ್ರೇಲಿಯಾ’ ಎಂಬ ಹೆಸರು ಸೂಚಿಸುತ್ತಿದ್ದುದು ಮಾದರಿ ದೊರೆತ ಸ್ಥಳವನ್ನು ಮಾತ್ರ. ಆ ಪ್ರತಿಜನಕವು ಏಷ್ಯಾ ಮತ್ತು ಆಫ್ರಿಕಾಗಳಲ್ಲಿ ವ್ಯಾಪಕವಾಗಿದ್ದುದು ಶೀಘ್ರದಲ್ಲಿಯೇ ತಿಳಿದುಬಂದಿತು. ಆದರೂ ವರ್ಷಗಟ್ಟಲೆ ಒಂದು ಖಂಡದ ಹೆಸರು, ಪರೋಕ್ಷವಾಗಿ ಅಲ್ಲಿನ ಮೂಲನಿವಾಸಿಗಳ ಹೆಸರು, ರೋಗಕ್ಕೆ ಅಂಟಿಕೊಂಡಿತ್ತು. ದಾವಣಗೆರೆಯ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಹೆಸರು 1957ರಿಂದ ಮಂಗನ ಕಾಯಿಲೆಗೆ ಅಂಟಿಕೊಂಡಿರುವುದನ್ನು ಇದರೊಡನೆ ಹೋಲಿಸಬಹುದು. ಕ್ಯಾಸನೂರಿನಲ್ಲಿ ರೋಗವು ಮೊದಲು ಗುರುತಿಸಲ್ಪಟ್ಟಿತು ಎಂಬುದು ಎಷ್ಟು ನಿಜವೋ, ಅಲ್ಲಿಯೇ ಹುಟ್ಟಿತು ಎಂಬುದು ಅದರಿಂದ ಸಿದ್ಧವಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಿಮೋಫಿಲಿಯಾ ರೋಗಿಯ ಪಾತ್ರವೂ ಇಲ್ಲಿ ಗಮನಾರ್ಹ. ರಕ್ತ ಹೆಪ್ಪುಗಟ್ಟದ ಈ ಆನುವಂಶಿಕ ದೋಷವುಳ್ಳವರು ಜೀವವುಳಿಸಿಕೊಳ್ಳಲು ಪರರ ರಕ್ತವನ್ನೇ ಅವಲಂಬಿಸಬೇಕಾಗಿದ್ದುದರಿಂದ, ವೈರಾಣುವಿನ ಶೋಧಕ್ಕೆ ಕಾರಣರಾದ ಅವರೇ ಅದಕ್ಕೆ ಹೆಚ್ಚಾಗಿ ಬಲಿಯಾದವರೂ ಆಗಿದ್ದಾರೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯು ದಾವಣಗೆರೆಯನ್ನೇ ಕೇಂದ್ರವಾಗಿಸಿಕೊಂಡು ಕಾರ್ಯನಿರ್ವಹಿಸುತ್ತಿರುವುದರಿಂದ ಈ ಇತಿಹಾಸವು ಈ ನಗರಕ್ಕೆ ದೂರದ್ದಲ್ಲ.

‘ಕಾಮಾಲೆ’ ಎಂಬ ಪದದ ಸಮಸ್ಯೆ

ವೈರಾಣುವಿನ ಶೋಧಕ್ಕಿಂತ ಹಿಂದಿನ ಕಾಲದ ಇತಿಹಾಸವನ್ನು ತಿಳಿಯಲು ಲಿಖಿತ ದಾಖಲೆಗಳು ನೆರವಾಗುತ್ತವೆಯೇ? ಕಣ್ಣು, ಚರ್ಮ, ಮೂತ್ರ ಹಳದಿಯಾಗುವ ರೋಗವನ್ನು ಚರಕಸಂಹಿತೆಯು ಪಾಂಡುರೋಗದ ಸಂದರ್ಭದಲ್ಲಿ ‘ಕಾಮಲಾ’ ಎಂದು ವರ್ಣಿಸುತ್ತದೆ. ಕನ್ನಡದ ‘ಕಾಮಾಲೆ’ ಅದರಿಂದಲೇ ಬಂದುದು. ಆದರೆ ಕಾಮಾಲೆ ಒಂದು ಲಕ್ಷಣವೇ ಹೊರತು ಒಂದು ರೋಗವಲ್ಲ. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ, ರಕ್ತದ ಮೂಲಕ ಹರಡುವ ಬಿ ಮತ್ತು ಸಿ, ಪಿತ್ತನಾಳದ ತಡೆ ಇವೆಲ್ಲವೂ ಕಾಮಾಲೆಯನ್ನುಂಟುಮಾಡುತ್ತವೆ. ಆದ್ದರಿಂದ ಹಳೆಯ ವೈದ್ಯಗ್ರಂಥಗಳಲ್ಲಿ ಅಥವಾ ಆಸ್ಪತ್ರೆಯ ವರದಿಗಳಲ್ಲಿ ಕಾಮಾಲೆಯ ಉಲ್ಲೇಖ ಕಂಡೊಡನೆ ಅದನ್ನು ಹೆಪಟೈಟಿಸ್ ಬಿ ಎಂದು ಗ್ರಹಿಸುವುದು ಸರಿಯಲ್ಲ.

ಇದಕ್ಕೆ ದೆಹಲಿಯ ಸಾಂಕ್ರಾಮಿಕವೇ ನಿದರ್ಶನ. 1955–56ರಲ್ಲಿ ಯಮುನೆಯ ನೀರು ಕಲುಷಿತಗೊಂಡು ಅಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ತಗುಲಿತು. ಅದು ಹೆಪಟೈಟಿಸ್ ಎ ಎಂದೇ ಬಹುಕಾಲ ನಂಬಲಾಗಿತ್ತು. ಅಂದು ಕಾಯ್ದಿರಿಸಿದ್ದ ರಕ್ತಸಾರದ ಮಾದರಿಗಳನ್ನು ದಶಕಗಳ ನಂತರ ಮರುಪರೀಕ್ಷಿಸಿದಾಗ ಆ ನಂಬಿಕೆ ಬಿದ್ದುಹೋಯಿತು. ಅದು ಇಂದು ಹೆಪಟೈಟಿಸ್ ಇ ಎಂದು ಕರೆಯಲಾಗುವ ರೋಗವಾಗಿತ್ತು. ಇಲ್ಲಿ ಲಿಖಿತ ದಾಖಲೆ ಹೇಳಲಾರದ್ದನ್ನು ಕಾಯ್ದಿಟ್ಟ ಮಾದರಿ ಹೇಳಿತು ಎಂಬುದು ಮುಖ್ಯ.

ನಾಟಿವೈದ್ಯದಲ್ಲಿ ಕಾಮಾಲೆಗೆ ನೆಲನೆಲ್ಲಿಯನ್ನು ಕೊಡುವ ವಾಡಿಕೆ ಕರ್ನಾಟಕದಲ್ಲೆಲ್ಲ ಇದೆ. ಬ್ಲಂಬರ್ಗ್ ಅವರು ಈ ಸಸ್ಯದಲ್ಲಿ ಆಸಕ್ತಿ ತಳೆದರು. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರೊಡನೆ ನಡೆಸಿದ ಪ್ರಯೋಗದ ಆಶಾದಾಯಕ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಆದರೆ ಅನಂತರ ಥಾಯ್ಲೆಂಡ್ ಮೊದಲಾದೆಡೆ ನಡೆದ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ವಯಸ್ಕರಲ್ಲಿ ಹೆಪಟೈಟಿಸ್ ಬಿ ಸೋಂಕು ಶೇಕಡಾ 95ಕ್ಕೂ ಹೆಚ್ಚು ಪ್ರಸಂಗಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ನಾಟಿಮದ್ದಿಗೆ ಕೀರ್ತಿ ಬರಲು ಇದೂ ಒಂದು ಕಾರಣವಾಗಿರಬಹುದು. ಹುಟ್ಟಿನ ಸಮಯದಲ್ಲಿ ತಾಯಿಯಿಂದ ಸೋಂಕು ತಗುಲಿದ ಶಿಶುಗಳ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅವರಲ್ಲಿ ಸುಮಾರು ಶೇಕಡಾ 90ರಷ್ಟು ಮಂದಿಯಲ್ಲಿ ವೈರಾಣು ದೀರ್ಘಕಾಲ ಉಳಿಯುತ್ತದೆ. ಯಾವ ಲಕ್ಷಣವನ್ನೂ ತೋರದೆ ಕುಟುಂಬಗಳಲ್ಲಿ ಹೀಗೆ ಉಳಿದು ಸಾಗುವ ಗುಣದಿಂದಲೇ ಈ ವೈರಾಣು ಇತಿಹಾಸಕಾರರ ಆಸಕ್ತಿಗೆ ಪಾತ್ರವಾಗಿದೆ.

ತಳಿಗಳ ವಿಂಗಡಣೆ ಮತ್ತು ಜಾಗತಿಕ ಹಂಚಿಕೆ

1970ರ ದಶಕದಲ್ಲಿ ವೈರಾಣುವಿನ ಹೊರಮೈಯ ಪ್ರತಿಜನಕದ ಗುಣಗಳನ್ನು ಆಧರಿಸಿ ಅದನ್ನು ಎಡಿಡಬ್ಲ್ಯು, ಎವೈಡಬ್ಲ್ಯು, ಎಡಿಆರ್, ಎವೈಆರ್ ಎಂಬ ನಾಲ್ಕು ಮುಖ್ಯ ವರ್ಗಗಳಾಗಿ ವಿಂಗಡಿಸಲಾಯಿತು. ಈ ವೈರಾಣುವಿನ ಡಿಎನ್‌ಎ ಸುಮಾರು 3,200 ನ್ಯೂಕ್ಲಿಯೋಟೈಡುಗಳ ಪುಟ್ಟ ವರ್ತುಲ. 1988ರಲ್ಲಿ ಜಪಾನಿನ ಹಿರೋಆಕಿ ಒಕಾಮೊಟೊ ಮತ್ತು ಸಂಗಡಿಗರು ಪೂರ್ಣ ಅನುಕ್ರಮಗಳನ್ನು ಹೋಲಿಸಿ, ಶೇಕಡಾ 8ಕ್ಕಿಂತ ಹೆಚ್ಚು ವ್ಯತ್ಯಾಸವಿರುವವುಗಳನ್ನು ಬೇರೆ ಬೇರೆ ಜೀನೋಟೈಪ್, ಅಂದರೆ ತಳಿ, ಎಂದು ಪರಿಗಣಿಸುವ ಕ್ರಮವನ್ನು ಆರಂಭಿಸಿದರು. ಎಯಿಂದ ಡಿವರೆಗೆ ನಾಲ್ಕಿದ್ದ ತಳಿಗಳು ಕ್ರಮೇಣ ಜೆಯವರೆಗೆ ಹತ್ತಾದವು.

ಇವುಗಳಲ್ಲಿ ಬಿ ಮತ್ತು ಸಿ ತಳಿಗಳು ಪೂರ್ವ ಹಾಗೂ ಆಗ್ನೇಯ ಏಷ್ಯಾದಲ್ಲಿ ಪ್ರಧಾನವಾಗಿವೆ. ಡಿ ತಳಿಯು ಮೆಡಿಟರೇನಿಯನ್ ತೀರದಿಂದ ಪಶ್ಚಿಮ ಏಷ್ಯಾ ಮತ್ತು ಮಧ್ಯ ಏಷ್ಯಾಗಳ ಮೂಲಕ ಭಾರತದವರೆಗೆ ಹಬ್ಬಿದೆ. ಎ ತಳಿಯು ಯೂರೋಪ್, ಆಫ್ರಿಕಾ ಮತ್ತು ದಕ್ಷಿಣ ಏಷ್ಯಾಗಳಲ್ಲಿ, ಇ ತಳಿಯು ಪಶ್ಚಿಮ ಆಫ್ರಿಕಾದಲ್ಲಿ, ಎಫ್ ಮತ್ತು ಎಚ್ ತಳಿಗಳು ಅಮೆರಿಕಾ ಖಂಡಗಳ ಮೂಲನಿವಾಸಿ ಪ್ರದೇಶಗಳಲ್ಲಿ ಕಂಡುಬರುತ್ತವೆ. 2009ರಲ್ಲಿ ವರದಿಯಾದ ಜೆ ತಳಿಯು ನಮ್ಮ ಚರ್ಚೆಗೆ ಅತ್ಯಂತ ಉಪಯುಕ್ತ ಉದಾಹರಣೆ. ಅದು ದೊರೆತುದು ಜಪಾನಿನ ವೃದ್ಧರೊಬ್ಬರಲ್ಲಿ. ಆದರೆ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೋರ್ನಿಯೊ ದ್ವೀಪದಲ್ಲಿದ್ದವರು. ಆ ವಿವರ ದಾಖಲಾಗದೇ ಹೋಗಿದ್ದರೆ ಜೆ ತಳಿಯನ್ನು ಜಪಾನಿನ ತಳಿಯೆಂದಷ್ಟೇ ನಕ್ಷೆಯಲ್ಲಿ ಗುರುತಿಸಲಾಗುತ್ತಿತ್ತು.

ತಳಿಸಾಕ್ಷ್ಯವನ್ನು ಇತಿಹಾಸಕ್ಕೆ ಸಮರ್ಥವಾಗಿ ಬಳಸಿದ ನಿದರ್ಶನವೂ ಇದೆ. ಹೈಟಿ ದೇಶದ ಜನರ ಪೂರ್ವಜರಲ್ಲಿ ಬಹುಪಾಲು ಮಂದಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು. ಇಂದು ಪಶ್ಚಿಮ ಆಫ್ರಿಕಾದಲ್ಲಿ ಇ ತಳಿಯದೇ ಪ್ರಾಬಲ್ಯ. ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನವು ಹೈಟಿಯಲ್ಲಿ ಎ ತಳಿಯ ಉಪತಳಿಗಳೇ ಹೆಚ್ಚಾಗಿದ್ದು ಇ ತಳಿ ವಿರಳವೆಂದು ತೋರಿಸಿತು. ಗುಲಾಮರ ಸಾಗಣೆ ನಿಂತ ನಂತರವೇ ಇ ತಳಿಯು ಆಫ್ರಿಕಾದಲ್ಲಿ ವ್ಯಾಪಕವಾಗಿ ಹರಡಿರಬೇಕೆಂಬುದು ಇದರಿಂದ ಹೊರಟ ಅನುಮಾನ. ಕಾಲ ಖಚಿತವಾಗಿರುವ ಒಂದು ವಲಸೆಯೊಡನೆ ಹೋಲಿಸಿದ್ದರಿಂದಲೇ ಈ ವಾದಕ್ಕೆ ಬಲ ಬಂದಿದೆ.

ಪ್ರಾಚೀನ ಅಸ್ಥಿಗಳಿಂದ ದೊರೆತ ವೈರಾಣುವಿನ ಅನುಕ್ರಮಗಳು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿವೆ. 2018ರಲ್ಲಿ ಯೂರೋಪಿನ ನವಶಿಲಾಯುಗದ ಹಾಗೂ ಯುರೇಷ್ಯಾದ ಕಂಚಿನ ಯುಗದ ಮಾದರಿಗಳು ಪ್ರಕಟವಾದವು. 2021ರಲ್ಲಿ ಸುಮಾರು 10,500ರಿಂದ 400 ವರ್ಷಗಳ ಹಿಂದಿನ ಅವಧಿಗೆ ಸೇರಿದ 137 ಪ್ರಾಚೀನ ಅನುಕ್ರಮಗಳ ಅಧ್ಯಯನ ಹೊರಬಂದಿತು. ಯೂರೋಪಿನಲ್ಲಿ ಕೃಷಿಕರ ಆಗಮನದೊಡನೆ ಅಲ್ಲಿನ ಬೇಟೆಗಾರ ಜನರ ತಳಿಗಳು ಹಿಂದೆ ಸರಿದುದು, ಸಾವಿರಾರು ವರ್ಷ ಪ್ರಬಲವಾಗಿದ್ದ ಒಂದು ತಳಿ ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯ ವೇಳೆಗೆ ಕ್ಷೀಣಿಸಿದುದು ಇದರಿಂದ ತಿಳಿದುಬಂದಿದೆ. ಇಂದಿನ ಹಂಚಿಕೆಯನ್ನು ನೇರವಾಗಿ ಪ್ರಾಚೀನ ಕಾಲಕ್ಕೆ ಆರೋಪಿಸಲಾಗದೆಂಬುದು ಇಲ್ಲಿಂದ ಸ್ಪಷ್ಟವಾಗುತ್ತದೆ.

ಭಾರತದ ನಕ್ಷೆ ಮತ್ತು ಒಳನಾಡು ಕರ್ನಾಟಕ

ಭಾರತದಲ್ಲಿ ಡಿ ತಳಿ ಪ್ರಧಾನವಾದುದು, ಎ ತಳಿ ಎರಡನೆಯದು, ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ ಸಿ ತಳಿಯೂ ಗಣನೀಯವಾಗಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಚಿತ್ರ. ಈ ಚಿತ್ರವನ್ನು ರೂಪಿಸಿದ ಆರಂಭದ ಅಧ್ಯಯನಗಳು ದೆಹಲಿ (2002), ಪುಣೆ (2003), ವೆಲ್ಲೂರು (2004) ಮತ್ತು ಕೋಲ್ಕತ್ತಾ (2006) ಕೇಂದ್ರಗಳಿಂದ ಬಂದವು. ಸುಸಜ್ಜಿತ ಪ್ರಯೋಗಾಲಯಗಳಿದ್ದುದು ಅಲ್ಲಿ. ಅಂದರೆ ತಳಿಗಳ ನಕ್ಷೆಯು ಒಂದರ್ಥದಲ್ಲಿ ಪ್ರಯೋಗಾಲಯಗಳ ನಕ್ಷೆಯೂ ಆಗಿದೆ. ಶಾಸನಗಳು ಹೆಚ್ಚಾಗಿ ದೊರೆತ ತಾಲ್ಲೂಕು ಹೆಚ್ಚು ಪ್ರಾಚೀನವೆಂದು ಹೇಳುವ ಮೊದಲು ಅಲ್ಲಿ ಕ್ಷೇತ್ರಕಾರ್ಯ ಎಷ್ಟು ನಡೆದಿದೆ ಎಂದು ಕೇಳುವುದು ಶಾಸನಶಾಸ್ತ್ರದ ಶಿಸ್ತು. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗುತ್ತದೆ.

ದಾವಣಗೆರೆಯಂತಹ ನಗರದಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಹೈದರಾಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆಸಿ ನೆಲೆಗೊಳಿಸಿದನೆಂದೂ ಮೈಸೂರು ಗೆಜೆಟಿಯರ್ ತಿಳಿಸುತ್ತದೆ. ಮುಂದೆ ಹತ್ತಿಯ ವ್ಯಾಪಾರ ಮತ್ತು ಜವಳಿ ಗಿರಣಿಗಳು, ಹರಿಹರದಲ್ಲಿ ಕೈಗಾರಿಕೆಗಳು ಸುತ್ತಣ ಸೀಮೆಗಳ ಜನರನ್ನು ಸೆಳೆದವು. ವಲಸೆಯಿಂದಲೇ ಬೆಳೆದ ಇಂತಹ ನಗರದ ಸರಸ್ವತಿ ನಗರದಲ್ಲಿ ವಾಸವಾಗಿರುವ ದಾನಿಯೊಬ್ಬರ ರಕ್ತದ ಮಾದರಿಯು ‘ದಾವಣಗೆರೆ’ ಎಂದು ದಾಖಲಾಯಿತೆಂದು ಭಾವಿಸೋಣ. ಅವರ ತಾಯಿಯ ಊರು ಹಡಗಲಿಯಾಗಿರಬಹುದು, ಅವರು ಹತ್ತು ವರ್ಷ ಮುಂಬಯಿಯಲ್ಲಿ ದುಡಿದವರಾಗಿರಬಹುದು. ಈ ವಿವರಗಳಿಲ್ಲದೆ ಆ ಮಾದರಿಯಿಂದ ದಾವಣಗೆರೆಯ ಇತಿಹಾಸವನ್ನು ಕುರಿತು ಏನನ್ನೂ ಹೇಳಲಾಗದು.

ಮಾದರಿಗಳ ಸಾಮಾಜಿಕ ಮೂಲವನ್ನೂ ವಿಮರ್ಶಿಸಬೇಕು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿಯಿಂದ ಹಣಕ್ಕಾಗಿ ರಕ್ತ ಮಾರುವುದು ನಿಷೇಧವಾಯಿತು. ಅದಕ್ಕೆ ಮೊದಲಿನ ರಕ್ತನಿಧಿಗಳ ಮಾದರಿಗಳಲ್ಲಿ ಬಡತನದಿಂದ ಮತ್ತೆ ಮತ್ತೆ ರಕ್ತ ಮಾರುತ್ತಿದ್ದವರ ಪಾಲೂ ಇದ್ದಿತು. ಅಂತಹ ಸಂಗ್ರಹವು ಇಡೀ ಸಮಾಜದ ಪ್ರತಿನಿಧಿಯಾಗಲಾರದು.

ಎ1 ಉಪತಳಿ ಮತ್ತು ಕರಾವಳಿಯ ಪ್ರಶ್ನೆ

ಭಾರತದ ಎ ತಳಿಯಲ್ಲಿ ಬಹುಪಾಲು ಎ1 ಎಂಬ ಉಪತಳಿಗೆ ಸೇರಿದ್ದು, ಪೂರ್ವ ಮತ್ತು ದಕ್ಷಿಣ ಆಫ್ರಿಕಾದಲ್ಲಿಯೂ ಅದೇ ಹೆಚ್ಚಾಗಿದೆ. ಸೊಮಾಲಿಯಾದ ಮತ್ತು ಏಷ್ಯಾದ ಎ1 ಮಾದರಿಗಳು ಪರಸ್ಪರ ನಿಕಟವೆಂದು 2005ರ ಒಂದು ಅಧ್ಯಯನ ತೋರಿಸಿತು. ಅರಬ್ಬೀ ಸಮುದ್ರದ ವ್ಯಾಪಾರ, ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಬಂದರುಗಳು, ಪೋರ್ಚುಗೀಸರ ಕಾಲದ ಗುಲಾಮರ ಸಾಗಣೆ ಇವೆಲ್ಲ ಇತಿಹಾಸಕಾರರಿಗೆ ಒಡನೆ ನೆನಪಿಗೆ ಬರುವುದು ಸಹಜ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಮೊದಲಾದ ಕಡೆ ನೆಲೆಸಿರುವ ಸಿದ್ದಿ ಸಮುದಾಯದ ಆಫ್ರಿಕನ್ ಮೂಲವನ್ನು 2011ರಲ್ಲಿ ಪ್ರಕಟವಾದ ಜನಾಂಗೀಯ ಅನುವಂಶೀಯ ಅಧ್ಯಯನವೂ ದೃಢಪಡಿಸಿದೆ.

ಆದರೆ ಇವೆರಡನ್ನು ಸುಲಭವಾಗಿ ಜೋಡಿಸುವುದು ದೋಷಪೂರಿತ ವಾದವಾಗುತ್ತದೆ. ಮೊದಲನೆಯದಾಗಿ, ಎ1 ಉಪತಳಿಯು ಭಾರತದ ಅನೇಕ ಭಾಗಗಳಲ್ಲಿ, ಸಮುದ್ರದಿಂದ ಬಹುದೂರದ ಊರುಗಳಲ್ಲಿಯೂ ಇದೆ. ಎರಡನೆಯದಾಗಿ, ನಿಕಟತೆಯು ಸಂಪರ್ಕವನ್ನು ಸೂಚಿಸುತ್ತದೆಯೇ ಹೊರತು ಅದರ ದಿಕ್ಕನ್ನಲ್ಲ. ಹಡಗುಗಳು ಎರಡೂ ದಿಕ್ಕಿಗೆ ಸಾಗುತ್ತಿದ್ದವು. ಮೂರನೆಯದಾಗಿ, ಎ ತಳಿಯು ಸುಮಾರು 4,000 ವರ್ಷಗಳ ಹಿಂದೆಯೇ ಯುರೇಷ್ಯಾದ ಹುಲ್ಲುಗಾವಲು ಪ್ರದೇಶದಲ್ಲಿದ್ದುದು 2018ರ ಪ್ರಾಚೀನ ಮಾದರಿಗಳಿಂದ ಖಚಿತವಾದ ಮೇಲೆ ಅದರ ಆಫ್ರಿಕನ್ ಮೂಲದ ಊಹೆಯೇ ಮರುಪರಿಶೀಲನೆಗೆ ಒಳಗಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯರ ವಂಶವಾಹಿಗಳು ತಂದೆತಾಯಿಯರಿಂದ ಮಾತ್ರ ಬರುತ್ತವೆ. ವೈರಾಣುವಾದರೋ ತಾಯಿಯಿಂದ ಮಾತ್ರವಲ್ಲದೆ ಸಂಗಾತಿಯಿಂದ, ಕ್ಷೌರದ ಕತ್ತಿಯಿಂದ, ಹಚ್ಚೆಯ ಸೂಜಿಯಿಂದ, ಆಸ್ಪತ್ರೆಯಿಂದಲೂ ಬರುತ್ತದೆ. ಒಂದು ಸಮುದಾಯದ ಮೂಲವನ್ನು ಒಂದು ತಳಿಯ ಮೂಲದೊಡನೆ ಸಮೀಕರಿಸಿದರೆ ಇತಿಹಾಸವೂ ಕೆಡುತ್ತದೆ, ಆ ಜನರಿಗೆ ಅನ್ಯಾಯವೂ ಆಗುತ್ತದೆ.

ಸೂಜಿಯ ಇತಿಹಾಸ

ಇಪ್ಪತ್ತನೆಯ ಶತಮಾನದಲ್ಲಿ ಈ ವೈರಾಣುವಿಗೆ ದೊರೆತ ಹೊಸ ಹಾದಿ ಚುಚ್ಚುಮದ್ದಿನ ಸೂಜಿ. ಗಾಜಿನ ಸಿರಿಂಜನ್ನು ಸರಿಯಾಗಿ ಕುದಿಸದೆ ಒಬ್ಬರಿಂದೊಬ್ಬರಿಗೆ ಬಳಸುತ್ತಿದ್ದ ಕಾಲದಲ್ಲಿ, ಸಮುದಾಯಗಳ ನಡುವಿನ ಸಾಮಾಜಿಕ ಗಡಿಗಳನ್ನು ವೈರಾಣು ಸುಲಭವಾಗಿ ದಾಟಿತು. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಸ್ಫೋಟಗೊಂಡು ಹಲವರು ಮರಣ ಹೊಂದಿದರು. ಬಳಸಿದ ಸಿರಿಂಜುಗಳ ಮರುಬಳಕೆ ಅದಕ್ಕೆ ಕಾರಣವಾಗಿತ್ತು. ಅಲ್ಲಿ ಕಂಡುಬಂದುದು ಡಿ ತಳಿ. ಒಂದು ಚಿಕಿತ್ಸಾಲಯವು ಕೆಲವೇ ತಿಂಗಳುಗಳಲ್ಲಿ ಒಂದು ಊರಿನ ತಳಿನಕ್ಷೆಯನ್ನು ಬದಲಿಸಬಲ್ಲುದಾದರೆ, ಇಂದಿನ ಹಂಚಿಕೆಯಲ್ಲಿ ಪ್ರಾಚೀನ ವಲಸೆಯ ಪಾಲೆಷ್ಟು, ಆಧುನಿಕ ವೈದ್ಯದ ಪಾಲೆಷ್ಟು ಎಂಬುದನ್ನು ಬೇರ್ಪಡಿಸದೆ ಯಾವ ನಿರ್ಣಯಕ್ಕೂ ಬರಲಾಗದು.

ಸಮಾರೋಪ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಲ್ಲಿ, ಭಾರತದಲ್ಲಿ 2.98 ಕೋಟಿ ಜನರಲ್ಲಿ ಈ ಸೋಂಕು ದೀರ್ಘಕಾಲಿಕವಾಗಿ ನೆಲೆಸಿತ್ತು. ಎಲ್ಲ ತಳಿಗಳಿಗೂ ಸಮಾನವಾದ ಪ್ರತಿಜನಕದ ಭಾಗವನ್ನು ಗುರಿಯಾಗಿಸಿಕೊಂಡಿರುವುದರಿಂದ ಲಸಿಕೆಯು ತಳಿಭೇದವಿಲ್ಲದೆ ರಕ್ಷಣೆ ನೀಡುತ್ತದೆ. ಹೈದರಾಬಾದಿನಲ್ಲಿ ತಯಾರಾದ ಮೊದಲ ದೇಶೀಯ ಮರುಸಂಯೋಜಿತ ಲಸಿಕೆ 1997ರಲ್ಲಿ ಬಳಕೆಗೆ ಬಂದಿತು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದನ್ನು 2007–08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ ವಿಸ್ತರಿಸಲಾಯಿತು, 2011ರಲ್ಲಿ ದೇಶವ್ಯಾಪಿಯಾಗಿಸಲಾಯಿತು. ತಾಯಿಯಿಂದ ಮಗುವಿಗೆ ಸಾಗುತ್ತಿದ್ದ ಸರಪಳಿ ಇದರಿಂದ ತುಂಡಾಗುತ್ತಿದೆ. ಹಳೆಯ ತಳಿಗಳ ನೆನಪು ಲಸಿಕೆಗೆ ಮುಂಚೆ ಹುಟ್ಟಿದ ತಲೆಮಾರುಗಳೊಡನೆ ಮುಗಿಯಲಿದೆ. ಇದು ಸಂತೋಷದ ಸಂಗತಿಯೇ ಹೊರತು ವಿಷಾದದ ಸಂಗತಿಯಲ್ಲ. ಆದರೆ ಒಂದು ಆಕರವು ಮುಚ್ಚಿಹೋಗುವ ಮುನ್ನ ಅದನ್ನು ಕ್ರಮಬದ್ಧವಾಗಿ ದಾಖಲಿಸುವ ಹೊಣೆ ಉಳಿದೇ ಇರುತ್ತದೆ.

ಅರುಣಾಚಲ ಪ್ರದೇಶದ ಬುಡಕಟ್ಟುಗಳಿಂದ 1960ರ ದಶಕದ ಆರಂಭದಲ್ಲಿ ಸಂಗ್ರಹಿಸಿದ್ದ ರಕ್ತಸಾರಗಳನ್ನು ಅರ್ಧ ಶತಮಾನದ ನಂತರ ಪುಣೆಯ ವಿಜ್ಞಾನಿಗಳು ಪರೀಕ್ಷಿಸಿದಾಗ, ಅಪರೂಪದ ಐ ತಳಿ ಆ ಕಾಲದಲ್ಲಿಯೇ ಅಲ್ಲಿದ್ದುದು ತಿಳಿಯಿತು. ವೈರಾಣುವಿನ ಹೆಸರೇ ಗೊತ್ತಿಲ್ಲದ ಕಾಲದಲ್ಲಿ ಸಂಗ್ರಹಿಸಿದವರು ಸ್ಥಳ ಮತ್ತು ಕಾಲಗಳನ್ನು ಸರಿಯಾಗಿ ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು. ನಮ್ಮ ಜಿಲ್ಲಾ ಆಸ್ಪತ್ರೆಗಳು, ವೈದ್ಯಕೀಯ ಮಹಾವಿದ್ಯಾಲಯಗಳು ಮತ್ತು ರಕ್ತನಿಧಿಗಳು ಇದೇ ಶಿಸ್ತನ್ನು ಪಾಲಿಸಬೇಕು. ರೋಗಿಯ ಒಪ್ಪಿಗೆ ಪಡೆದು, ಹೆಸರನ್ನು ಗೋಪ್ಯವಾಗಿರಿಸಿ, ಹುಟ್ಟಿದ ವರ್ಷ, ತಾಯಿಯ ಊರು, ವಾಸಿಸಿದ ಊರುಗಳು, ಪಡೆದ ರಕ್ತ ಮತ್ತು ಚಿಕಿತ್ಸೆಗಳ ವಿವರವನ್ನು ಮಾದರಿಯೊಡನೆ ಕಾಯ್ದಿರಿಸಬೇಕು. ಇದರಲ್ಲಿ ವೈದ್ಯರಿಗೂ ಪ್ರಯೋಜನವಿದೆ. ಎ ತಳಿಯು ಇಂಟರ್‌ಫೆರಾನ್ ಚಿಕಿತ್ಸೆಗೆ ಡಿ ತಳಿಗಿಂತ ಉತ್ತಮವಾಗಿ ಸ್ಪಂದಿಸುತ್ತದೆ. ಡಿ ತಳಿಯಲ್ಲಿ ಇ ಪ್ರತಿಜನಕವನ್ನು ಮರೆಸುವ ಉತ್ಪರಿವರ್ತನೆ ಸಾಮಾನ್ಯವಾದುದರಿಂದ ಆ ಒಂದೇ ಪರೀಕ್ಷೆಯನ್ನು ನಂಬಿ ರೋಗಿಯನ್ನು ಸುರಕ್ಷಿತನೆಂದು ಕಳುಹಿಸಲಾಗದು.

ಹೆಪಟೈಟಿಸ್ ಬಿ ವೈರಾಣುವಿನ ತಳಿವೈವಿಧ್ಯವು ಮನುಷ್ಯರ ಸಂಪರ್ಕಗಳ ಇತಿಹಾಸಕ್ಕೆ ಬೆಲೆಯುಳ್ಳ ಆಕರ. ಆದರೆ ಅದು ತಾನಾಗಿ ಮಾತನಾಡುವ ಆಕರವಲ್ಲ. ದೊರೆತ ನೆಲೆಯನ್ನು ಹುಟ್ಟಿದ ನೆಲೆಯೆಂದು ಭಾವಿಸದೆ, ಸಂಗ್ರಹದ ಸಂದರ್ಭವನ್ನು ವಿಮರ್ಶಿಸಿ, ಸ್ವತಂತ್ರವಾದ ಇತರ ಸಾಕ್ಷ್ಯಗಳೊಡನೆ ಹೋಲಿಸಿ ಓದಿದಾಗ ಮಾತ್ರ ಅದು ಇತಿಹಾಸವಾಗುತ್ತದೆ. ಶಾಸನ ಮತ್ತು ನಾಣ್ಯಗಳ ಅಧ್ಯಯನದಲ್ಲಿ ಕರ್ನಾಟಕದ ವಿದ್ವಾಂಸರು ಒಂದು ಶತಮಾನದಿಂದ ರೂಢಿಸಿಕೊಂಡು ಬಂದಿರುವ ಈ ಶಿಸ್ತನ್ನು ಜೀವವಿಜ್ಞಾನದ ಸಂಶೋಧಕರೊಡನೆ ಹಂಚಿಕೊಳ್ಳುವುದು ಇಂದಿನ ಅಗತ್ಯವಾಗಿದೆ.